ಬೋಟ್ ಎಂಜಿನ್ ಕೂಗಿದರೆ ಮೊದಲು ಧಾರೆ ನೋಡಿ

ಮಾನ್ಯರೇ,

ಕೃಷ್ಣೆಗೆ ಹೊಸ ನೀರು ಬಂದಾಗ ನಾರದಗಡ್ಡೆಯಂಥ ನಡುಗಡ್ಡೆಗಳತ್ತ ಹೊರಟ ಬೋಟಿನ ಎಂಜಿನ್ ಒಂದೇ ಸಮನೆ ಬೀಪ್ ಎನ್ನತೊಡಗಿದರೆ ಹೆಚ್ಚಾಗಿ ಅದು ಎಂಜಿನ್ ಅತಿಯಾಗಿ ಕಾದ ಸೂಚನೆ. ಜೊಂಡು, ಪ್ಲಾಸ್ಟಿಕ್ ಚೀಲ ನೀರೆಳೆಯುವ ಜಾಲರಿಗೆ ಮೆತ್ತಿಕೊಂಡು ಎಂಜಿನ್ ತಂಪು ಮಾಡುವ ನೀರು ತಡೆದಿರುತ್ತದೆ. ಥ್ರಾಟಲ್ ಇಳಿಸಿ, ಎಂಜಿನ್ನಿನ ಸಣ್ಣ ತೂತಿನಿಂದ ಚಿಮ್ಮುವ ನೀರಿನ ಧಾರೆ ನೋಡಿ. ಇಲ್ಲವೇ? ಲಂಗರು ಹಾಕಿ, ಆಫ್ ಮಾಡಿ, ಮೋಟಾರ್ ಎತ್ತಿ ಜಾಲರಿಯ ಕಸ ಬಿಡಿಸಿ. ತೂತಿಗೆ ಗಾಳದ ನೈಲಾನ್ ದಾರ ತೂರಿಸಿ. ಮೋಟಾರ್ ನೀರಿಗಿಳಿಸಿ ಸ್ಟಾರ್ಟ್ ಮಾಡಿದಾಗಲೂ ಧಾರೆ ಬಾರದಿದ್ದರೆ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಹೋಗಿರುವ ಸಾಧ್ಯತೆಯೇ ಹೆಚ್ಚು. ದಡದಲ್ಲಿ ನೀರಿಲ್ಲದೆ ‘ಟೆಸ್ಟ್’ ಮಾಡುವ ಚಟಕ್ಕೆ ಅದು ಅರೆ ನಿಮಿಷವೂ ತಾಳದು.

ಧಾರೆ ಚೆನ್ನಾಗಿದ್ದೂ ಕೂಗಿದರೆ ಆಫ್ ಮಾಡಿ ಆಯಿಲ್ ಮಟ್ಟ ನೋಡಿ. ಅದೂ ಸರಿಯಿದ್ದರೆ ತಂಪು ನೀರಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು. ಬೀಪಿನ ಲೆಕ್ಕ ಕಂಪನಿಗೊಂದು ಥರ, ಕೈಪಿಡಿಯ ಆ ಪುಟದ ಝೆರಾಕ್ಸ್ ಬೋಟಿನಲ್ಲೇ ಇರಲಿ. ಬಜರ್ ವೈರ್ ಮಾತ್ರ ಕೀಳಬೇಡಿ.

– ಬೋಟ್ ಮೆಕ್ಯಾನಿಕ್‌ಗಳು, ರಾಯಚೂರು