ತುಕ್ಕು ಹಿಡಿದ ಕಬ್ಬಿಣಕ್ಕೂ ಜಾಗ ಕೊಡಿ

ಮಾನ್ಯರೇ,

ಎಲ್ಲಾದರೂ ಉತ್ಖನನದಲ್ಲಿ ಚಿನ್ನ ಸಿಕ್ಕರೆ ಪತ್ರಿಕೆಗಳಲ್ಲಿ ದೊಡ್ಡ ಬಣ್ಣದ ಫೋಟೊ. ಅದೇ ಗುಂಡಿಯಲ್ಲಿ ಸಿಕ್ಕ ಕಬ್ಬಿಣ ಮಾತ್ರ ‘ಇತರ ವಸ್ತುಗಳು’ ಪಟ್ಟಿಗೆ. ಕಮ್ಮಾರಿಕೆ ಮಾಡಿಕೊಂಡು ಬಂದ ಮನೆಯವನು ನಾನು. ನನಗೆ ಇದು ಸರಿ ಕಾಣುವುದಿಲ್ಲ.

ಇಂಗ್ಲೆಂಡಿನ ಸಟನ್ ಹೂ ವಿಷಯವನ್ನೇ ನೋಡಿ. ಏಳನೇ ಶತಮಾನದಲ್ಲಿ ಹಡಗಿನ ಸಮೇತ ಹೂತ ಸಮಾಧಿಯ ಆ ದಿಬ್ಬವನ್ನು 1939ರಲ್ಲಿ ಅಗೆದರು. ಅಲ್ಲಿ ಸಿಕ್ಕ, 400 ಗ್ರಾಂಗೂ ಜಾಸ್ತಿ ತೂಗುವ ಸೊಂಟಪಟ್ಟಿಯ ಚಿನ್ನದ ಬಕಲ್ ಬಹಳ ಹೆಸರುವಾಸಿ. ಆದರೆ ಕೆಳಗೆ ಹಡಗಿದೆ ಎಂಬ ಸುಳಿವು ಕೊಟ್ಟಿದ್ದು ತುಕ್ಕು ಹಿಡಿದ ಕಬ್ಬಿಣದ ರಿವೆಟ್ ಮೊಳೆಗಳು. ಹುಳಿ ಅಂಶದ ಮರಳಿನಲ್ಲಿ ಮರವೆಲ್ಲ ಕರಗಿಹೋಗಿತ್ತು. ಹಲಗೆಗಳನ್ನು ಬಿಗಿದಿದ್ದ ರಿವೆಟ್‌ಗಳು ಮಾತ್ರ ಸಾಲಾಗಿ ಇದ್ದಲ್ಲೇ ಉಳಿದಿದ್ದವು. ಅಗೆಯುತ್ತಿದ್ದ ಬೇಸಿಲ್ ಬ್ರೌನ್ ಅವನ್ನು ಕಿತ್ತು ಹಾಕಲಿಲ್ಲ. ಆ ಸಾಲು ಹಿಡಿದೇ ಮರಳು ತೆಗೆಯುತ್ತಾ ಹೋದರು. ಸುಮಾರು 27 ಮೀಟರ್ ಉದ್ದದ ಹಡಗಿನ ಅಚ್ಚು ಹೊರಬಂತು.

ಅಲ್ಲಿ ಸಿಕ್ಕ ಕತ್ತಿ ಒರೆಗೇ ಕಚ್ಚಿಕೊಂಡು ತುಕ್ಕಾಗಿತ್ತು. ಎಕ್ಸ್‌ರೇ ತೆಗೆದಾಗ ಒಳಗಿನ ಕಸುಬು ಕಂಡಿತು. ಸಣ್ಣ ಸಣ್ಣ ಸರಳುಗಳನ್ನು ಹುರಿ ಹೊಸೆದಂತೆ ತಿರುಚಿ, ಕಾಯಿಸಿ, ಬಡಿದು ಒಂದು ಮಾಡಿದ ಅಲಗು ಅದು. ಕುಲುಮೆ ಮುಂದೆ ಕೂತವರಿಗೆ ಗೊತ್ತು, ಕಾವು ಕಡಿಮೆಯಾದರೆ ಬೆಸುಗೆ ಕೂಡುವುದಿಲ್ಲ. ಜಾಸ್ತಿಯಾದರೆ ಕಬ್ಬಿಣವೇ ಕಿಡಿಯಾಗಿ ಉರಿದುಹೋಗುತ್ತದೆ. ಕಾದ ಕಬ್ಬಿಣದ ಬಣ್ಣ ನೋಡಿಯೇ ಅಷ್ಟೂ ಅಂದಾಜು. ಬಕಲ್ ಮಾಡಿದ ಅಕ್ಕಸಾಲಿಗನಿಗೆ ಕೈ ಮುಗಿಯೋಣ, ಈ ಕಮ್ಮಾರನಿಗೂ ಮುಗಿಯಬೇಕಲ್ವಾ?

ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ 1936ರಲ್ಲಿ ರೈತರೊಬ್ಬರು ಉಳುವಾಗ ಸುಮಾರು ಸಾವಿರ ವರ್ಷ ಹಿಂದಿನ, ವೈಕಿಂಗ್ ಕಾಲದ ಓಕ್ ಮರದ ಪೆಟ್ಟಿಗೆಯೇ ಸಿಕ್ಕಿತು. ನೀರು ಬಸಿದು ಉಳುಮೆಗೆ ತಂದ ಜೌಗು ನೆಲ ಅದು. ಜೊತೆಗೆ 200ರಷ್ಟು ವಸ್ತುಗಳು: ಸುತ್ತಿಗೆ, ಇಕ್ಕಳ, ಅಡೆಗಲ್ಲು, ಅರ, ಗರಗಸ, ಬೀಗ. ಫೋಟೊ ನೋಡಿದರೆ ನಮ್ಮ ಹಳ್ಳಿಯ ಯಾವ ಕಮ್ಮಾರನಾದರೂ ಒಂದೊಂದನ್ನೂ ಗುರುತಿಸಿಯಾನು.

ನಮ್ಮ ಕಡೆ ಹೊಲದಲ್ಲೋ ಕೆರೆ ಹೂಳಿನಲ್ಲೋ ತುಕ್ಕಿನ ಮುದ್ದೆ ಸಿಕ್ಕರೆ ಗುಜರಿಗೆ ಹಾಕುವವರೇ ಜಾಸ್ತಿ. ಕಬ್ಬಿಣ ಕರಗಿಸಿದ ಜಾಗದ ಕಿಟ್ಟವಂತೂ ಬದುವಿಗೆ ಎಸೆಯುವ ಕಲ್ಲು. ಇನ್ನು ಕೆಲವರು ಸುಮ್ನೆ ಕುತೂಹಲಕ್ಕೆ ಬಡಿದು ತುಕ್ಕು ಉದುರಿಸುತ್ತಾರೆ. ಹಳೆಯ ಬಟ್ಟೆ, ಮರ, ತೊಗಲಿನ ಗುರುತು ಎಷ್ಟೋ ಸಲ ಉಳಿದಿರುವುದು ಆ ತುಕ್ಕಿನಲ್ಲೇ. ಅಂಥದ್ದನ್ನು ತೊಳೆಯದೆ, ಬಡಿಯದೆ, ಸಿಕ್ಕ ಜಾಗದ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ ಎಂದು ಪತ್ರಿಕೆ ಆಗಾಗ ನಾಲ್ಕು ಸಾಲು ಹಾಕಬಹುದು. ಮುಂದಿನ ಸಲ ಉತ್ಖನನದ ಸುದ್ದಿ ಬಂದಾಗ ಕಬ್ಬಿಣದ್ದೂ ಒಂದು ಫೋಟೊ ಇರಲಿ, ಅದು ಏನು, ಹೇಗೆ ಮಾಡಿದ್ದು ಎಂಬ ವಿವರದ ಜೊತೆ.

– ಒಬ್ಬ ಓದುಗ, ಸಾಗರ