ಮಕ್ಕಳ ಫ್ಲೈ ಫಿಶಿಂಗ್ ಹೊಳೆಯ ಕಲ್ಲಿನಿಂದ ಆರಂಭವಾಗಲಿ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಫ್ಲೈ ಫಿಶಿಂಗ್, ಅಂದರೆ ನಕಲಿ ಹುಳು ಕಟ್ಟಿದ ದಾರವನ್ನು ಕೋಲಿನಿಂದ ಬೀಸಿ ಮೀನು ಹಿಡಿಯುವ ಕಲೆಯನ್ನು ಪರಿಚಯಿಸುವ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸದಾ ಪರದೆ ನೋಡುತ್ತ ಕೂರುವ ಮಗುವನ್ನು ನೀರಿನ ದಡಕ್ಕೆ ಕರೆದೊಯ್ಯಬೇಕೆಂಬ ಲೇಖಕರ ಆಶಯಕ್ಕೆ ನನ್ನ ತಕರಾರಿಲ್ಲ. ಆದರೆ ಲೇಖನದ ಮುಕ್ಕಾಲು ಪಾಲು ಕೋಲು, ರೀಲು, ಬೂಟುಗಳ ಆಯ್ಕೆಗೂ ದಾರವನ್ನು ಎಷ್ಟು ದೂರ ಬೀಸಬೇಕೆಂಬ ಲೆಕ್ಕಕ್ಕೂ ಮೀಸಲಾಗಿದ್ದು, ಮೀನು ಏನನ್ನು ತಿನ್ನುತ್ತದೆ ಎಂಬ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಹಲವು ಮಕ್ಕಳಿಗೆ ಈ ವಿದ್ಯೆಯನ್ನು ಹೇಳಿಕೊಟ್ಟಿರುವ ನನ್ನ ಅಭಿಪ್ರಾಯದಲ್ಲಿ ಕ್ರಮ ತಿರುಗುಮುರುಗಾಗಬೇಕು. ಕೋಲನ್ನು ಬದಿಗಿಟ್ಟು, ಮೊದಲು ನೀರೊಳಗಿನ ಹುಳುಗಳನ್ನು ತೋರಿಸಬೇಕು.

ಗರಿ, ಉಣ್ಣೆ, ನೂಲುಗಳನ್ನು ಪುಟ್ಟ ಕೊಕ್ಕೆಗೆ ಸುತ್ತಿ ಕಟ್ಟಿದ ನಕಲಿ ಹುಳುವೇ ಫ್ಲೈ. ಅದು ಯಾವುದರ ನಕಲು ಎಂಬುದನ್ನೇ ಅರಿಯದ ಮಗುವಿಗೆ ಅದನ್ನು ನೀರಿಗೆ ಬಿಡುವುದರಲ್ಲಿ ಏನು ಕುತೂಹಲವಿದ್ದೀತು? ಪಾದ ಮುಳುಗುವಷ್ಟೇ ನೀರಿರುವ, ಸೆಳೆತವಿಲ್ಲದ ಕಡೆ ನಿಂತು ಅಂಗೈಯಗಲದ ಒಂದು ಕಲ್ಲನ್ನು ಮೆಲ್ಲನೆ ಎತ್ತಿ ತಿರುಗಿಸಿದರೆ ಸಾಕು. ಕಲ್ಲಿನ ಒದ್ದೆ ತಳದಲ್ಲಿ ಚಪ್ಪಟೆ ಮೈಯ ಮರಿಹುಳುಗಳು ಬೆಳಕಿಗೆ ಹೆದರಿ ಅಡ್ಡಡ್ಡ ಓಡುತ್ತವೆ. ಹೊಟ್ಟೆಯ ಎರಡೂ ಅಂಚಿನಲ್ಲಿ ಎಲೆಯಂಥ ಕಿವಿರುಗಳು, ಹಿಂದೆ ಸಾಮಾನ್ಯವಾಗಿ ಮೂರು ಎಳೆಬಾಲಗಳಿದ್ದರೆ ಅದು ಮೇಫ್ಲೈ ಮರಿ. ಎರಡೇ ಬಾಲವಿದ್ದು ಕಾಲಿನ ತುದಿಯಲ್ಲಿ ಎರಡೆರಡು ಉಗುರು ಕಂಡರೆ ಸ್ಟೋನ್‌ಫ್ಲೈ ಮರಿ. ಮರಳ ಕಣಗಳನ್ನೂ ಕಡ್ಡಿಚೂರುಗಳನ್ನೂ ತನ್ನದೇ ರೇಷ್ಮೆಯೆಳೆಯಿಂದ ಅಂಟಿಸಿ ಕೊಳವೆ ಕಟ್ಟಿಕೊಂಡು ಅದರೊಳಗಿಂದ ತಲೆಯನ್ನಷ್ಟೇ ಹೊರಗಿಕ್ಕುವ ಕ್ಯಾಡಿಸ್ ಹುಳುವನ್ನು ಕಂಡರಂತೂ ಮಕ್ಕಳು ಅಲ್ಲಿಂದ ಏಳುವುದಿಲ್ಲ. ಬಿಳಿ ತಟ್ಟೆಯಲ್ಲಿ ಹೊಳೆಯ ನೀರು ಹಾಕಿ ಕೆಲವನ್ನು ಅದರಲ್ಲಿ ಬಿಟ್ಟು, ಪಕ್ಕದಲ್ಲೇ ಫ್ಲೈ ಡಬ್ಬಿಯನ್ನು ತೆರೆದಿಟ್ಟು, ಇವುಗಳಿಗೆ ಹೋಲುವುದನ್ನು ನೀನೇ ಆರಿಸು ಎಂದು ಹೇಳಿ ನೋಡಿ. ಮಗು ಆರಿಸುವುದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ತಣ್ಣೀರಿನ ಹೊಳೆಗಳಲ್ಲಿರುವ ಟ್ರೌಟ್ ಮೀನು ತನ್ನ ಆಹಾರದ ಬಹುಪಾಲನ್ನು ನೀರಿನ ಮೇಲ್ಮೈಗಿಂತ ಕೆಳಗೇ ಪಡೆಯುತ್ತದೆ ಎಂಬುದನ್ನು ಆಗ ವಿವರಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ತಿಂಗಳುಗಟ್ಟಲೆ ನೀರಿನಲ್ಲಿ ಬದುಕುವ ಮೇಫ್ಲೈ, ರೆಕ್ಕೆ ಮೂಡಿದ ಮೇಲೂ ಇನ್ನೊಮ್ಮೆ ಪೊರೆ ಕಳಚುವ ಏಕೈಕ ಕೀಟ. ಪೂರ್ತಿ ಬೆಳೆದ ಮೇಲೆ ಅದು ಏನನ್ನೂ ತಿನ್ನದೆ, ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಸಾಯುತ್ತದೆ. ಇಂಥ ಸಂಗತಿಗಳು ಮಕ್ಕಳ ನೆನಪಿನಲ್ಲಿ ಉಳಿಯುವಷ್ಟು ರೀಲಿನ ಬ್ರ್ಯಾಂಡ್ ಉಳಿಯುವುದಿಲ್ಲ. ನೋಡಿ ಮುಗಿದ ಮೇಲೆ ಹುಳುಗಳನ್ನು ನೀರಿಗೆ ಬಿಟ್ಟು, ಕಲ್ಲನ್ನು ಮೊದಲಿದ್ದಂತೆಯೇ ಇಡಿಸಬೇಕು.

ಇನ್ನು ಬೀಸುವ ವಿಷಯ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದೊಯ್ದರೆ, ಇಲ್ಲಿ ಫ್ಲೈಗೆ ಹೇಳಿಕೊಳ್ಳುವಂಥ ತೂಕವೇ ಇಲ್ಲದ ಕಾರಣ ದಾರದ ಭಾರವೇ ಅದನ್ನು ಹೊತ್ತೊಯ್ಯಬೇಕು. ದಾರಗಳಿಗೂ ಅವಕ್ಕೆ ಹೊಂದುವ ಕೋಲುಗಳಿಗೂ ದಾರದ ಭಾರಕ್ಕೆ ತಕ್ಕಂತೆ ಸಂಖ್ಯೆಯಿರುತ್ತದೆ; 5ನೇ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಈ ಭಾರ ಕೋಲನ್ನು ಬಾಗಿಸಬೇಕಾದರೆ ದಾರ ಹಿಂದಕ್ಕೆ ಹೋಗಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಲೇಬೇಕು. ಅವಸರಪಟ್ಟರೆ ಅದು ಚಾಟಿಯಂತೆ ಚಟಾರೆಂದು ಫ್ಲೈ ಹರಿದುಹೋಗುತ್ತದೆ. ಮಕ್ಕಳಿಗೆ ಕಷ್ಟವೆನಿಸುವುದು ಈ ಕಾಯುವಿಕೆಯೇ ಹೊರತು ತೋಳಿನ ಬಲವಲ್ಲ. ಆದ್ದರಿಂದ ಹುಲ್ಲಿನ ಮೇಲೆ, ಕೊಕ್ಕೆಯ ಬದಲು ಬಣ್ಣದ ಉಣ್ಣೆಯ ತುಣುಕನ್ನು ಕಟ್ಟಿ, ಪ್ರತಿ ಬಾರಿಯೂ ಹಿಂದೆ ತಿರುಗಿ ದಾರ ನೇರವಾಗುವುದನ್ನು ಕಣ್ಣಾರೆ ನೋಡುವಂತೆ ಹೇಳುವುದು ಒಳ್ಳೆಯದು. ಲೇಖಕರು ಹೇಳಿದ 9 ಅಡಿಯ ಕೋಲು ಹತ್ತು ವರ್ಷದೊಳಗಿನವರಿಗೆ ಉದ್ದವಾಯಿತು. 8 ಅಡಿಯ, 4 ಅಥವಾ 5ನೇ ಸಂಖ್ಯೆಯದು ಕೈಗೆ ಹಿತವಾಗಿರುತ್ತದೆ. ಇನ್ನೂ ಚಿಕ್ಕವರಿಗೆ ರೀಲೇ ಇಲ್ಲದ, ಕೋಲಿನ ತುದಿಗೇ ದಾರ ಕಟ್ಟುವ ಜಪಾನಿನ ಟೆಂಕಾರಾ ಪದ್ಧತಿಯಷ್ಟು ಸೂಕ್ತವಾದುದು ಇನ್ನೊಂದಿಲ್ಲವೆಂದು ನನಗನಿಸುತ್ತದೆ. ಲೇಖನದಲ್ಲಿ ಅದರ ಹೆಸರೂ ಬಾರದಿದ್ದುದು ಆಶ್ಚರ್ಯ. ಅರ್ಧ ಗಂಟೆಯಾಗುತ್ತಲೇ, ಮಗು ಇನ್ನೂ ಸ್ವಲ್ಪ ಹೊತ್ತು ಎನ್ನುತ್ತಿರುವಾಗಲೇ ನಿಲ್ಲಿಸಿಬಿಡಬೇಕು.

ಮೊದಲ ಮೀನು ಟ್ರೌಟೇ ಆಗಬೇಕೆಂಬ ಹಟವೂ ಬೇಡ. ನೆರಳು ಬಿದ್ದರೂ ಬೆದರಿ ಓಡುವ ಟ್ರೌಟ್‌ಗಿಂತ, ಕೊಳದ ಅಂಚಿನಲ್ಲಿ ಗುಂಪಾಗಿದ್ದು ಬಿದ್ದದ್ದಕ್ಕೆಲ್ಲ ಬಾಯಿ ಹಾಕುವ ಬ್ಲೂಗಿಲ್‌ನಂಥ ಸಣ್ಣ ಮೀನುಗಳೇ ಹೊಸಬರಿಗೆ ಲೇಸು.

ಸುರಕ್ಷತೆಗೆ ಲೇಖನ ಒಂದೇ ವಾಕ್ಯ ಕೊಟ್ಟಿರುವುದು ನನಗೆ ಸರಿಕಾಣಲಿಲ್ಲ. ತಲೆಯ ಪಕ್ಕದಲ್ಲೇ ಕೊಕ್ಕೆ ಹಾರಾಡುವ ಈ ಆಟದಲ್ಲಿ ಕನ್ನಡಕ ಮತ್ತು ಅಂಚುಳ್ಳ ಟೋಪಿ ಮಗುವಿಗೂ ಪಕ್ಕದಲ್ಲಿ ನಿಂತವರಿಗೂ ಕಡ್ಡಾಯ. ನೀರಿನ ಹತ್ತಿರ ಇರುವಷ್ಟು ಹೊತ್ತೂ ಮಗುವಿನ ಮೈಮೇಲೆ ಲೈಫ್ ಜಾಕೆಟ್ ಇರಬೇಕು. ಬಲಗೈಯಲ್ಲಿ ಬೀಸುವ ಮಗುವಿಗೆ ಬಲಗಡೆಯಿಂದ ಗಾಳಿ ಬೀಸುತ್ತಿದ್ದರೆ ದಾರ ಮುಖದತ್ತಲೇ ಬರುವುದರಿಂದ ಜಾಗ ಬದಲಿಸಬೇಕು, ಇಲ್ಲವೇ ಅಂದಿಗೆ ಬೀಸುವುದನ್ನೇ ಬಿಡಬೇಕು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಮಟ್ಟಮಾಡಿದ್ದರೆ ಅದು ಮೀನಿನ ಬಾಯಿಂದಲೂ, ಅಕಸ್ಮಾತ್ ಚುಚ್ಚಿಕೊಂಡ ಬೆರಳಿನಿಂದಲೂ ಸುಲಭವಾಗಿ ಹೊರಬರುತ್ತದೆ.

ಲೇಖನದ ಜೊತೆಗಿದ್ದ ಚಿತ್ರದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದರಲ್ಲಿ ಬಾಲಕನೊಬ್ಬ ಒಣ ಬಂಡೆಯ ಮೇಲೆ ನಿಂತು, ಒಣ ಕೈಗಳಿಂದ ಮೀನನ್ನು ಎದೆಗವಚಿಕೊಂಡಿದ್ದಾನೆ. ಅಡಿಬರಹ ಮಾತ್ರ ಹಿಡಿದು ಬಿಡುವ ಪದ್ಧತಿಯನ್ನು ಹೊಗಳುತ್ತದೆ. ಒಣ ಕೈ ತಾಗಿದರೆ ಮೀನಿನ ಮೈಯನ್ನು ಸೋಂಕಿನಿಂದ ಕಾಯುವ ಲೋಳೆ ಕಿತ್ತುಬರುತ್ತದೆ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಬೇಕು; ಎತ್ತಲೇಬೇಕೆಂದರೆ ಕೆಲವೇ ಸೆಕೆಂಡು ಎತ್ತಬೇಕು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಟ್ರೌಟ್‌ಗೆ ಆಮ್ಲಜನಕದ ಕೊರತೆಯಾಗುವುದರಿಂದ, ಬಿಟ್ಟರೂ ಅದು ಬದುಕುವ ಭರವಸೆ ಕಡಿಮೆ. ಮಗುವಿನ ಜೇಬಿನಲ್ಲಿ ಒಂದು ಥರ್ಮಾಮೀಟರ್ ಇರಲಿ. ಅದನ್ನು ನೀರಿಗೆ ಅದ್ದಿ ಅಳೆಯುವುದೂ ಮಕ್ಕಳಿಗೆ ಇಷ್ಟದ ಕೆಲಸವೇ.

ಅಂದು ದೊಡ್ಡವರು ತಮ್ಮ ಕೋಲನ್ನು ಮನೆಯಲ್ಲೇ ಬಿಟ್ಟು ಬರುವುದು ಉತ್ತಮ. ಇಬ್ಬರ ಕೈಯಲ್ಲೂ ಕೋಲಿದ್ದರೆ ಮಗುವಿನ ದಾರದ ಗಂಟು ಬಿಡಿಸುವವರು ಯಾರೂ ಇರುವುದಿಲ್ಲ. ಈ ಲೇಖನಕ್ಕೆ ಮುಂದಿನ ಭಾಗವಿದ್ದಲ್ಲಿ ಹುಳುಗಳ ಸಚಿತ್ರ ಪರಿಚಯಕ್ಕೂ, ಮೀನನ್ನು ಸರಿಯಾಗಿ ಬಿಡುವ ವಿಧಾನವನ್ನು ತೋರಿಸುವ ಚಿತ್ರಕ್ಕೂ ಪುರವಣಿಯಲ್ಲಿ ಸ್ಥಳ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ