ಯುದ್ಧಕ್ಕೆ ಮುಂಚಿನ ಟಿಕೆಟ್ಟಿನ ಬಗ್ಗೆಯೂ ಯೋಚಿಸಿ: ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಡಾ. ಎಸ್. ಜೈಶಂಕರ್ ಅವರಿಗೆ ನಮಸ್ಕಾರ.

ಉಡುಪಿ ಜಿಲ್ಲೆಯ ಒಂದು ಪೇಟೆಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ದುಬೈ, ದೋಹಾ, ಕುವೈತ್, ಮಸ್ಕತ್ ಎಂದರೆ ನಮ್ಮ ಗಿರಾಕಿಗಳಿಗೆ ಬೆಂಗಳೂರಿಗಿಂತ ಹೆಚ್ಚು ಬಳಕೆಯ ಊರುಗಳು. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿ ನಮ್ಮ ಕರಾವಳಿಯವರು ಎಷ್ಟೋ ಮಂದಿ ಇದ್ದಾರೆ ಎಂಬುದು ನಿಮಗೆ ತಿಳಿಯದ ವಿಷಯವಲ್ಲ. ಆ ಕಡೆ ಯುದ್ಧದ ಸುದ್ದಿ ಎದ್ದಾಗಲೆಲ್ಲ ನನ್ನ ಮೇಜಿನ ಎದುರು ಕೂತವರು ದರ ಕೇಳುವ ಮೊದಲು ಕೇಳುವುದು ಒಂದೇ ಮಾತು: "ಹೋಗುದಾ, ಬೇಡ್ವಾ?"

ನನಗೆ ಗೊತ್ತಿರುವುದು ದರ, ಲಗೇಜು, ಕ್ಯಾನ್ಸಲೇಶನ್ ಚಾರ್ಜು. ಹೋಗಬೇಕೋ ಬೇಡವೋ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಟಿ.ವಿ.ಯವರನ್ನು ಕೇಳೋಣವೆಂದರೆ ಅವರ ಲೆಕ್ಕದಲ್ಲಿ ಮೂರನೇ ಮಹಾಯುದ್ಧ ವಾರಕ್ಕೆರಡು ಸಲ ರಾತ್ರಿ ಒಂಬತ್ತಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತದೆ. ಹಾಗಾಗಿ ನಾನು ಗಿರಾಕಿಗಳಿಗೆ ತೋರಿಸುವುದು ನಿಮ್ಮ ಸಚಿವಾಲಯದ ಪ್ರಯಾಣ ಸಲಹೆಯನ್ನು. ಅನಗತ್ಯ ಪ್ರಯಾಣ ಬೇಡ, ಎಚ್ಚರದಿಂದಿರಿ, ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಅದನ್ನು ಓದಿ ಮುಗಿಸಿದವರು ಮತ್ತೆ ನನ್ನ ಮುಖವನ್ನೇ ನೋಡುತ್ತಾರೆ. ಸಾಲ ಮಾಡಿ ಕೆಲಸ ಹಿಡಿದವರಿಗೆ ಯಾವ ಪ್ರಯಾಣ ಅನಗತ್ಯ, ನೀವೇ ಹೇಳಿ.

ನಿಮ್ಮ ಸಲಹೆಗಳು ತಪ್ಪು ಎಂದು ದೂರಲು ಈ ಪತ್ರ ಬರೆಯುತ್ತಿಲ್ಲ. ಬಹಳ ಸಲ ಅವು ಸರಿಯಾಗಿಯೇ ಇದ್ದವು. 2024ರ ಏಪ್ರಿಲ್ 12ರಂದು, ಮುಂದಿನ ಸೂಚನೆಯವರೆಗೆ ಇರಾನ್‌ಗೂ ಇಸ್ರೇಲ್‌ಗೂ ಹೋಗಬೇಡಿ ಎಂದಿರಿ. ಮರುದಿನ ರಾತ್ರಿಯೇ ಇರಾನ್ ಮುನ್ನೂರಕ್ಕೂ ಹೆಚ್ಚು ಡ್ರೋನ್ ಮತ್ತು ಕ್ಷಿಪಣಿಗಳನ್ನು ಇಸ್ರೇಲ್ ಮೇಲೆ ಬಿಟ್ಟಿತು. ಇಷ್ಟು ಕರಾರುವಾಕ್ಕಾದ ಎಚ್ಚರಿಕೆ ಕೊಟ್ಟವರನ್ನು ಮೆಚ್ಚಲೇಬೇಕು. ನನ್ನ ತಕರಾರು ಇರುವುದು ಸಲಹೆ ಹೊರಟ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ. ಸಲಹೆ ಕೊಡಲು ಸರ್ಕಾರಕ್ಕೆ ಖರ್ಚಿಲ್ಲ. ಪಾಲಿಸುವುದಕ್ಕೆ ತಗಲುವ ಖರ್ಚೆಲ್ಲ ಪಾಲಿಸುವವರ ತಲೆಯ ಮೇಲೆ.

ಉಕ್ರೇನಿನ ದಿನಗಳನ್ನೇ ನೋಡಿ. 2022ರ ಫೆಬ್ರುವರಿ 15ರಂದು ಕೀವ್‌ನಲ್ಲಿರುವ ನಮ್ಮ ರಾಯಭಾರ ಕಚೇರಿ, ಉಳಿಯುವ ಅಗತ್ಯವಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಯೋಚಿಸಬಹುದು ಎಂದಿತು. 20ರಂದು ಅದೇ ಮಾತು ಇನ್ನಷ್ಟು ಬಿಗಿಯಾಯಿತು. 22ಕ್ಕೆ, ಆನ್‌ಲೈನ್ ತರಗತಿಯ ಬಗ್ಗೆ ವಿಶ್ವವಿದ್ಯಾಲಯಗಳ ಅಧಿಕೃತ ಮಾತಿಗೆ ಕಾಯದೆ ಹೊರಟುಬಿಡಿ ಎಂದಿತು. 24ರ ನಸುಕಿಗೆ ಯುದ್ಧ ಶುರುವಾಯಿತು. ಕರೆತರಲೆಂದು ಅಂದು ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ವಾಯುಮಾರ್ಗ ಮುಚ್ಚಿದ್ದರಿಂದ ದಾರಿಯಲ್ಲೇ ತಿರುಗಿ ದೆಹಲಿಗೆ ಬಂತು.

"ಅಷ್ಟು ಸಲ ಹೇಳಿದರೂ ಮಕ್ಕಳು ಯಾಕೆ ಬರಲಿಲ್ಲ?" ಎಂದು ಆಗ ಬಹಳ ಮಂದಿ ಕೇಳಿದರು. ಕೇಳಿದವರಲ್ಲಿ ಹೆಚ್ಚಿನವರು ಆ ವಾರ ಟಿಕೆಟ್ ದರ ನೋಡಿರಲಿಲ್ಲ. ಹಾಜರಾತಿ ಕಡಿಮೆಯಾದರೆ ವರ್ಷವೇ ಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಕಾಲೇಜಿನವರು "ಏನೂ ಆಗುವುದಿಲ್ಲ, ತರಗತಿ ಇದೆ" ಎನ್ನುತ್ತಿದ್ದದ್ದು ಇನ್ನೊಂದು ಕಡೆ. ಊರಲ್ಲಿ ಅಪ್ಪ ಶುಲ್ಕದ ಕಂತಿಗೇ ಬ್ಯಾಂಕಿನ ಮುಂದೆ ನಿಂತಿರುವಾಗ, ಬರಬಹುದೋ ಬರಲಾರದೋ ಎನ್ನುವ ಯುದ್ಧಕ್ಕಾಗಿ ದುಬಾರಿ ಟಿಕೆಟ್ ತೆಗೆದು ಬಾ ಎಂದರೆ ಇಪ್ಪತ್ತರ ಹುಡುಗ ಏನು ಮಾಡುತ್ತಾನೆ? ಇನ್ನೆರಡು ದಿನ ನೋಡೋಣ ಎನ್ನುತ್ತಾನೆ.

ಆಮೇಲೆ ನಡೆದದ್ದು ದೇಶಕ್ಕೇ ಗೊತ್ತು. ಆಪರೇಷನ್ ಗಂಗಾದಲ್ಲಿ 90 ವಿಮಾನಗಳು ಹಾರಿದವು. ನಾಲ್ವರು ಕೇಂದ್ರ ಸಚಿವರು ನೆರೆದೇಶಗಳಿಗೆ ಹೋಗಿ ನಿಂತರು. ಒಟ್ಟು 22,500ರಷ್ಟು ಭಾರತೀಯರು ವಾಪಸು ಬಂದರು. ಸರ್ಕಾರದ ವಿಮಾನಕ್ಕೆ ಯಾರೂ ಒಂದು ಪೈಸೆ ಕೊಡಬೇಕಾಗಲಿಲ್ಲ. ಹಾವೇರಿ ಜಿಲ್ಲೆಯ ಒಬ್ಬ ವಿದ್ಯಾರ್ಥಿ ಮಾತ್ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ.

ಇದರಲ್ಲಿ ನನಗೆ ಹೊಟ್ಟೆಗೆ ಹತ್ತದ ಲೆಕ್ಕ ಒಂದಿದೆ. ಫೆಬ್ರುವರಿ 20ರಂದು, ಬಾಂಬ್ ಬೀಳುವ ಮೊದಲು ಹೊರಡಲು ಮನಸ್ಸು ಮಾಡಿದವನಿಗೆ ಟಿಕೆಟ್ ಸ್ವಂತ ಖರ್ಚು. ಮಾರ್ಚ್ 2ರಂದು, ಬಾಂಬ್ ನಡುವೆ ಗಡಿಗೆ ನಡೆದು ಬಂದವನಿಗೆ ಟಿಕೆಟ್ ಉಚಿತ, ಜೊತೆಗೆ ಗುಲಾಬಿ ಹೂವು. ಮೊದಲೇ ಮಾತು ಕೇಳಿದವನಿಗೆ ನಷ್ಟ, ಕಾದವನಿಗೆ ರಿಯಾಯಿತಿ. ಕಾದವರಿಗೆ ಉಚಿತವಾಗಿ ಕೊಟ್ಟದ್ದು ತಪ್ಪು ಎಂದು ನಾನು ಖಂಡಿತ ಹೇಳುವುದಿಲ್ಲ. ಅದೇ ದುಡ್ಡಿನ ಒಂದು ಪಾಲು ನಾಲ್ಕು ದಿನ ಮೊದಲೇ ಬಿಚ್ಚಿದ್ದರೆ ಎಷ್ಟು ಮಂದಿ ಬಂಕರಿನಲ್ಲಿ ಮಲಗುವುದು ತಪ್ಪುತ್ತಿತ್ತು ಎಂದು ಕೇಳುತ್ತಿದ್ದೇನೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಬಂದ ಮಕ್ಕಳಿಗೆ ಭಾರತದ ವೈದ್ಯಕೀಯ ಕಾಲೇಜುಗಳಲ್ಲಿ ಜಾಗ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿತು. ಬರೀ ಆನ್‌ಲೈನಿನಲ್ಲಿ ಓದಿದ ವೈದ್ಯಕೀಯ ಕೋರ್ಸನ್ನು ಒಪ್ಪುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿತು. ಬೇರೆ ದೇಶದ ಕಾಲೇಜಿಗೆ ಹೋಗಲು ಆಯೋಗ ಆಮೇಲೆ ಒಪ್ಪಿತಾದರೂ ಅದಕ್ಕೂ ಹೊಸದಾಗಿ ದುಡ್ಡು ಹೊಂದಿಸಬೇಕಲ್ಲ. ಹೀಗಾಗಿ ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಲವರು, ಯುದ್ಧ ನಡೆಯುತ್ತಿರುವಂತೆಯೇ, ಉಕ್ರೇನಿಗೆ ಮರಳಿದರು. ಅಕ್ಟೋಬರ್ 19ರಂದು ಕೀವ್‌ನ ರಾಯಭಾರ ಕಚೇರಿ ಮತ್ತೆ ಸಲಹೆ ಹೊರಡಿಸಿತು: ಉಕ್ರೇನಿಗೆ ಬರಬೇಡಿ, ಇರುವವರು ಆದಷ್ಟು ಬೇಗ ಹೊರಡಿ. ಸಚಿವರೇ, ಆ ವಿದ್ಯಾರ್ಥಿಯ ಜಾಗದಲ್ಲಿ ಕೂತು ಯೋಚಿಸಿ. ಹೋಗಬೇಡ ಎನ್ನುವುದೂ ಭಾರತ ಸರ್ಕಾರ, ಹೋಗದಿದ್ದರೆ ನೀನು ಡಾಕ್ಟರೇ ಅಲ್ಲ ಎನ್ನುವುದೂ ಭಾರತ ಸರ್ಕಾರ. ಅವನು ಯಾರ ಮಾತು ಕೇಳಬೇಕಿತ್ತು?

ಇಸ್ರೇಲಿನ ವಿಷಯದಲ್ಲೂ ಇಂಥದ್ದೇ ಆಯಿತು. 2024ರ ಮಾರ್ಚ್ 4ರಂದು ಉತ್ತರ ಇಸ್ರೇಲಿನ ತೋಟವೊಂದರ ಮೇಲೆ ಕ್ಷಿಪಣಿ ಬಿದ್ದು ಕೇರಳದ ಕಾರ್ಮಿಕರೊಬ್ಬರು ತೀರಿಕೊಂಡರು. ಗಡಿಯಲ್ಲಿರುವ ಭಾರತೀಯರು ಸುರಕ್ಷಿತ ಜಾಗಕ್ಕೆ ಹೋಗಿ ಎಂದು ಮರುದಿನ ನಮ್ಮ ರಾಯಭಾರ ಕಚೇರಿ ಹೇಳಿತು. ತಿಂಗಳು ಕಳೆಯುವ ಮೊದಲೇ, ಏಪ್ರಿಲ್ 2ರಂದು, ಎರಡು ಸರ್ಕಾರಗಳ ಒಪ್ಪಂದದಡಿ 60ಕ್ಕೂ ಹೆಚ್ಚು ಕಟ್ಟಡ ಕಾರ್ಮಿಕರ ಮೊದಲ ತಂಡವನ್ನು ಇಸ್ರೇಲಿಗೆ ಬೀಳ್ಕೊಡಲಾಯಿತು. ಅದಾಗಿ ಹತ್ತು ದಿನಕ್ಕೆ ಬಂದದ್ದೇ ಮೇಲೆ ಹೇಳಿದ "ಹೋಗಬೇಡಿ" ಸಲಹೆ.

ಆ ವಾರ ನನ್ನ ಅಂಗಡಿಗೆ ಒಬ್ಬರು ಅಕ್ಕ ಬಂದಿದ್ದರು. ಟೆಲ್ ಅವೀವ್ ಹತ್ತಿರ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಮಗಳ ಮದುವೆಗೆಂದು ರಜೆಯಲ್ಲಿ ಬಂದವರು. ಮದುವೆ ಮುಗಿದಿತ್ತು, ಮರುಪ್ರವೇಶದ ಅನುಮತಿಯ ಅವಧಿ ಮುಗಿಯುತ್ತ ಬಂದಿತ್ತು. ಅಲ್ಲಿಗೆ ಸೇರಲು ಏಜೆಂಟಿಗೆ ಕೊಟ್ಟ ಲಕ್ಷಗಳ ಸಾಲ ಇನ್ನೂ ಪೂರ್ತಿ ತೀರಿರಲಿಲ್ಲ. "ಹೋಗದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ, ಹೋದರೆ ಸೈರನ್. ಸೈರನ್ ಆದರೆ ಸಾಲದ ಹಾಗಲ್ಲ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ" ಎಂದು ಅವರೇ ನಕ್ಕರು. ಟಿಕೆಟ್ ರದ್ದು ಮಾಡಿದರೆ ಎಷ್ಟು ಬರುತ್ತದೆ ಎಂದು ಕೇಳಿದರು. ಲೆಕ್ಕ ಹಾಕಿದರೆ ಬಂದದ್ದು ತೆರಿಗೆಯ ಚಿಲ್ಲರೆ. ವಿಮಾನ ಕಂಪನಿಯೇ ಹಾರಾಟ ನಿಲ್ಲಿಸಿದರೆ ಪೂರ್ತಿ ದುಡ್ಡು ವಾಪಸು. ಸರ್ಕಾರದ ಮಾತು ಕೇಳಿ ತಾನಾಗಿ ನಿಂತವರಿಗೆ ಆ ನಿಯಮವಿಲ್ಲ. ಪ್ರಯಾಣ ವಿಮೆ ಇತ್ತು, ಆದರೆ ಯುದ್ಧದಿಂದಾದ ನಷ್ಟಕ್ಕೆ ನಾವು ಹೊಣೆಯಲ್ಲ ಎಂಬ ಸಾಲು ಸಣ್ಣಕ್ಷರದಲ್ಲಿ ಅದರಲ್ಲೂ ಇತ್ತು. ಕೊನೆಗೆ ಅವರು ಹೊರಟುಹೋದರು.

ಇದಕ್ಕೆ ಪರಿಹಾರ ನಿಷೇಧ ಎಂದು ನೀವು ಭಾವಿಸಬಾರದು. 1983ರ ವಲಸೆ ಕಾಯ್ದೆ ನಿಮಗೆ ಆ ಅಧಿಕಾರ ಕೊಟ್ಟಿದೆ, ನಿಜ. 2004ರಲ್ಲಿ ಇರಾಕಿಗೆ ಕೆಲಸಕ್ಕೆ ಹೋಗುವುದನ್ನು ನಿಷೇಧಿಸಿದಾಗ ಪಾಸ್‌ಪೋರ್ಟಿನ ಮೇಲೆ "ಇರಾಕಿಗೆ ಸಿಂಧುವಲ್ಲ" ಎಂದು ಮುದ್ರೆ ಒತ್ತುತ್ತಿದ್ದ ಕಾಲವನ್ನು ನಮ್ಮ ಕಸುಬಿನವರು ಮರೆತಿಲ್ಲ. ಆಗ ಜನ ನಿಲ್ಲಲಿಲ್ಲ, ದಾರಿ ಬದಲಾಯಿತು ಅಷ್ಟೇ. ಪಕ್ಕದ ದೇಶಕ್ಕೆಂದು ಹೋಗಿ ಅಲ್ಲಿಂದ ಇರಾಕಿಗೆ ನುಸುಳಿದರು. ಕದ್ದು ಹೋದವರ ಹೆಸರು ರಾಯಭಾರ ಕಚೇರಿಯ ಪುಸ್ತಕದಲ್ಲೂ ಇರುವುದಿಲ್ಲ. ದೊಡ್ಡವರನ್ನು ಕೈಹಿಡಿದು ತಡೆಯುವುದು ಬೇಡ. ನಿಲ್ಲಬೇಕು ಎಂದುಕೊಂಡವರಿಗೆ ನಿಲ್ಲುವ ಶಕ್ತಿ ಕೊಟ್ಟರೆ ಸಾಕು.

ಅದು ಆಗದ ಕೆಲಸವೇನಲ್ಲ. ಬ್ರಿಟನ್ನಿನಲ್ಲಿ ಅಲ್ಲಿನ ವಿದೇಶಾಂಗ ಕಚೇರಿ ಒಂದು ಜಾಗಕ್ಕೆ ಹೋಗಬೇಡಿ ಎಂದರೆ ಪ್ಯಾಕೇಜ್ ಪ್ರವಾಸ ಕಾಯ್ದಿರಿಸಿದವರಿಗೆ ಸಾಮಾನ್ಯವಾಗಿ ದುಡ್ಡು ವಾಪಸು ಸಿಗುತ್ತದೆ. ಆ ಮಾತು ಮೀರಿ ಹೋದರೆ ಸಾಮಾನ್ಯ ವಿಮೆ ಕೈಬಿಡುತ್ತದೆ. ಅಂದರೆ ಅಲ್ಲಿ ಸಲಹೆಗೆ ತೂಕವಿದೆ. ನಮ್ಮಲ್ಲೂ ಒಂದು ಮೇಲ್ಪಂಕ್ತಿ ಇದೆ. 2020ರ ಲಾಕ್‌ಡೌನಿನಲ್ಲಿ ವಿಮಾನದ ಟಿಕೆಟ್ ದುಡ್ಡು ವಾಪಸು ಕೊಡುವ ಬಗ್ಗೆ ಸರ್ಕಾರ ಸೂತ್ರ ಮಾಡಿತು, ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಿಗೆ ಕೊಟ್ಟಿತು. ಸೋಂಕಿಗೆ ಮಾಡಿದ್ದನ್ನು ಯುದ್ಧಕ್ಕೂ ಮಾಡಬಹುದು. "ಹೋಗಬೇಡಿ" ಎಂದು ಸಚಿವಾಲಯ ಹೇಳಿದ ದಿನದಿಂದ ಆ ದೇಶದ ಟಿಕೆಟ್ಟನ್ನು ದಂಡವಿಲ್ಲದೆ ರದ್ದು ಮಾಡಲು, ಇಲ್ಲವೇ ದಿನಾಂಕ ಬದಲಿಸಲು ಬರಬೇಕು. ವಾಪಸು ಹೊರಡುವವರ ಟಿಕೆಟ್ಟಿಗೆ ದರದ ಮಿತಿ ಇರಬೇಕು, ಅದಕ್ಕೂ ದುಡ್ಡಿಲ್ಲದವರಿಗೆ ಸಾಲವಾದರೂ ಸಿಗಬೇಕು. ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂದು ಇದೆಯಲ್ಲ, ಕಷ್ಟಕ್ಕೆ ಸಿಕ್ಕಿಬಿದ್ದ ಮೇಲೆ ಅದು ನೆರವಾಗುತ್ತದೆ. ಸಿಕ್ಕಿಬೀಳುವ ಮುನ್ನವೂ ನೆರವಾಗಲಿ. ವಿದ್ಯಾರ್ಥಿಗಳು ಹೆಚ್ಚಿರುವ ದೇಶಗಳಲ್ಲಿ ಹಾಜರಾತಿಯ ಮಾತುಕತೆ ಶಾಂತಿಕಾಲದಲ್ಲೇ ಆಗಿರಲಿ. ಇಸ್ರೇಲಿನಂಥ ಕಡೆ ಕೆಲಸದವರನ್ನು ಒಪ್ಪಂದ ಮಾಡಿ ಕಳುಹಿಸುವಾಗ, ಯುದ್ಧಕ್ಕೆ ಹೆದರಿ ಕೆಲವು ವಾರ ತಡವಾದರೆ ವೀಸಾ ಮತ್ತು ಕೆಲಸ ಹೋಗುವುದಿಲ್ಲ ಎಂಬ ಒಂದು ಸಾಲು ಒಪ್ಪಂದದಲ್ಲೇ ಬರಲಿ. ರಜೆಗೆ ಬಂದವರಿಗೂ ಅದು ಅನ್ವಯಿಸಲಿ.

"ಮುಂದಿನ ಸೂಚನೆಯವರೆಗೆ" ಎಂಬ ಮಾತಿನಿಂದ ನಮ್ಮ ಕಸುಬಿಗೆ ಬಹಳ ತೊಂದರೆ. ಮುಂದಿನ ಸೂಚನೆ ಯಾವಾಗ? ನಾಳೆಯ ಯುದ್ಧವನ್ನು ಇಂದು ಹೇಳಲು ನಿಮಗೂ ಆಗದು, ಒಪ್ಪುತ್ತೇನೆ. ವಾರಕ್ಕೊಮ್ಮೆ ಇಂಥ ದಿನ ಮತ್ತೆ ನೋಡಿ ಹೇಳುತ್ತೇವೆ ಎಂದಾದರೂ ಹೇಳಿದರೆ ಜನ ಟಿಕೆಟ್ ಮುಂದೂಡಿ ಆ ದಿನದವರೆಗೆ ಕಾಯುತ್ತಾರೆ. 2025ರ ಜೂನ್ 23ರ ರಾತ್ರಿ ಕತಾರಿನ ಅಮೆರಿಕನ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ ಕೊಲ್ಲಿಯ ಆಕಾಶವೇ ಕೆಲವು ಗಂಟೆ ಮುಚ್ಚಿತು, ಹೊರಟಿದ್ದ ವಿಮಾನಗಳು ವಾಪಸು ಬಂದವು. ಮರುದಿನ ಕದನ ವಿರಾಮ. ಆ ರಾತ್ರಿಯಿಡೀ ನನ್ನ ಫೋನು ಬಡಿದುಕೊಂಡಿತು. ಕೇಳಿದವರಿಗೆಲ್ಲ ನಾನು ಹೇಳಿದ್ದು ಕಾಯಿರಿ ಎಂದು. ಎಷ್ಟು ದಿನ ಎಂದರೆ ಉತ್ತರವಿರಲಿಲ್ಲ.

ಇನ್ನೊಂದು ಮಾತು. ನಿಮ್ಮ ಸಲಹೆ ಇಂಗ್ಲಿಷಿನಲ್ಲಿ ಎಕ್ಸ್‌ನಲ್ಲಿ, ಅಂದರೆ ಹಿಂದಿನ ಟ್ವಿಟ್ಟರಿನಲ್ಲಿ, ಬರುತ್ತದೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ಸಿಕ್ಕಿಕೊಂಡವರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರಿದ್ದರು, ಗಿಡಮೂಲಿಕೆಯ ಎಣ್ಣೆ ಮಾರುತ್ತ ಅಷ್ಟು ದೂರ ಹೋದವರು. ಆಗ ನಿಮಗೂ ಸಿದ್ದರಾಮಯ್ಯನವರಿಗೂ ಟ್ವಿಟ್ಟರಿನಲ್ಲಿ ಮಾತಿಗೆ ಮಾತು ಬೆಳೆಯಿತು. ಅದರ ಗೊಡವೆ ನನಗೆ ಬೇಡ. ಆಪರೇಷನ್ ಕಾವೇರಿ ಅವರನ್ನು ಕರೆತಂದಿತು ಎಂಬುದು ಸಾಕು. ಆದರೆ ಅಂಥವರಿಗೆ ಮುಂದಿನ ಸಲ ಹೊರಡುವ ಮುನ್ನ ಯಾರು ಹೇಳುತ್ತಾರೆ? ವೀಸಾ ಸಿಕ್ಕ ಫೋನಿಗೇ ಕನ್ನಡದಲ್ಲಿ ಒಂದು ಸಂದೇಶ, ಸಾಧ್ಯವಾದರೆ ದನಿಯಲ್ಲಿ, ಕಳುಹಿಸಲು ಬರುವುದಿಲ್ಲವೇ? ಬ್ಯಾಂಕಿನವರು ದಿನಕ್ಕೆ ಹತ್ತು ಕಳುಹಿಸುತ್ತಾರೆ.

ಟಿಕೆಟ್ ದುಡ್ಡಿನ ವಿಷಯ ನಾಗರಿಕ ವಿಮಾನಯಾನ ಸಚಿವಾಲಯದ್ದು, ವಿಮೆ ಹಣಕಾಸಿನವರದ್ದು, ಹಾಜರಾತಿ ವೈದ್ಯಕೀಯ ಆಯೋಗದ್ದು ಎಂಬ ಉತ್ತರ ಬರಬಹುದು. ಅದಕ್ಕೇ ಈ ಪತ್ರದ ಪ್ರತಿಯನ್ನು ಅವರಿಗೂ ನಮ್ಮ ಸಂಸದರಿಗೂ ಕಳುಹಿಸುತ್ತಿದ್ದೇನೆ. ಆದರೆ "ಹೋಗಬೇಡಿ" ಎನ್ನುವುದು ನೀವು. ಹಾಗೆ ಹೇಳುವ ಹಿಂದಿನ ದಿನ ಈ ಮೂವರನ್ನೂ ಒಂದು ಮೇಜಿಗೆ ಕರೆಯುವುದು ನಿಮ್ಮಿಂದಲೇ ಆಗಬೇಕಾದ ಕೆಲಸ. ಕರೆಯುತ್ತೀರಾ ಎಂಬುದಕ್ಕೆ ಒಂದು ಸಾಲಿನ ಉತ್ತರ ಬಂದರೂ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. ಕೇಳುವವರು ದಿನಾ ಬರುತ್ತಾರೆ.

ಇಂತಿ ವಂದನೆಗಳೊಂದಿಗೆ,
ಟಿಕೆಟ್ ಅಂಗಡಿಯವ
ಉಡುಪಿ ಜಿಲ್ಲೆ